ಸಾರ್ಡೀನಿಯಾ: ಕಡಲಿಗೆ ಬೆನ್ನು ಮಾಡಿದ ದ್ವೀಪದಲ್ಲಿ ಒಂದು ವಾರ

ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಬರುವ ಬಹುಪಾಲು ಜನ ವಿಮಾನ ಇಳಿದವರೇ ಬೀಚಿನ ದಾರಿ ಹಿಡಿಯುತ್ತಾರೆ. ದ್ವೀಪದವರು ಮಾತ್ರ ಶತಮಾನಗಳ ಕಾಲ ಕಡಲಿನಿಂದ ದೂರವೇ ಮನೆ ಕಟ್ಟಿದರು. ‘ಕಡಲಿಂದ ಬಂದವನು ಕದಿಯಲು ಬಂದವನು’ ಎಂಬುದು ಇಲ್ಲಿಯ ಗಾದೆ. ಫಿನೀಷಿಯನ್ನರು, ಕಾರ್ತೇಜಿನವರು, ಕ್ರಿ.ಪೂ. 238ರಲ್ಲಿ ರೋಮನ್ನರು, ಆಮೇಲೆ ಅರಬ್ ದಾಳಿಕೋರರು, 1323ರಲ್ಲಿ ಇಂದಿನ ಸ್ಪೇನಿನಲ್ಲಿದ್ದ ಅರಗಾನ್ ರಾಜ್ಯದ ಸೈನ್ಯ, ಎಲ್ಲರೂ ಬಂದದ್ದು ಅದೇ ದಾರಿಯಲ್ಲಿ. ಸಾಲದ್ದಕ್ಕೆ ಕರಾವಳಿಯ ಜೌಗು ನೆಲದಲ್ಲಿ ಮಲೇರಿಯಾ. 1946ರಿಂದ 1950ರವರೆಗೆ ದ್ವೀಪದ ಉದ್ದಗಲಕ್ಕೂ ಡಿಡಿಟಿ ಸಿಂಪಡಿಸಿದ ಮೇಲೆಯೇ ಅದು ತೊಲಗಿತು. ಈಶಾನ್ಯ ತೀರದ ಕೋಸ್ತಾ ಸ್ಮೆರಾಲ್ಡಾದ ದುಬಾರಿ ರೆಸಾರ್ಟುಗಳು ಎದ್ದದ್ದು 1960ರ ದಶಕದಲ್ಲಿ. ಆದ್ದರಿಂದ ಕೈಯಲ್ಲಿ ಏಳು ದಿನ ಇದ್ದರೆ ನಾಲ್ಕನ್ನಾದರೂ ಒಳನಾಡಿಗೆ ಮೀಸಲಿಡಿ.

ವಿಸ್ತೀರ್ಣ ಸುಮಾರು 24,000 ಚದರ ಕಿ.ಮೀ.; ಮೆಡಿಟರೇನಿಯನ್ನಿನಲ್ಲಿ ಸಿಸಿಲಿ ಬಿಟ್ಟರೆ ಇದೇ ದೊಡ್ಡ ದ್ವೀಪ. 1948ರಿಂದ ಇಟಲಿಯ ವಿಶೇಷ ಸ್ವಾಯತ್ತ ಪ್ರಾಂತ್ಯ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ರೋಮ್‌ನಲ್ಲಿ ಬದಲಿಸಿ ರಾಜಧಾನಿ ಕಾಲ್ಯಾರಿಗೆ ಹೋಗುವುದು ಸಲೀಸು. ಷೆಂಗೆನ್ ವೀಸಾ ಸಾಕು. ಕಾರು ಓಡಿಸುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಊರಲ್ಲೇ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ದ್ವೀಪದಲ್ಲಿ ಟೋಲ್ ರಸ್ತೆಯೇ ಇಲ್ಲ. ಕಾಲ್ಯಾರಿಯಿಂದ ಉತ್ತರದ ಪೋರ್ತೊ ತೋರೆಸ್‌ವರೆಗೆ ಹೋಗುವ 131ನೇ ಹೆದ್ದಾರಿಯೇ ಬೆನ್ನೆಲುಬು. ಎಡವಟ್ಟಾಗುವುದು ಹಳೇ ಪೇಟೆಗಳಲ್ಲಿ: ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯವೆಂದು ಸೂಚಿಸುವ ‘ಜೆಡ್‌ಟಿಎಲ್’ ಫಲಕ ದಾಟಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಕಾರನ್ನು ಪೇಟೆಯ ಹೊರಗೇ ನಿಲ್ಲಿಸಿ ನಡೆಯಿರಿ.

ಮೊದಲ ದಿನ ಬಾರುಮಿನಿ. ಕಾಲ್ಯಾರಿಯಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ಬಸ್ಸುಗಳು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಊರಿಗೆ ಒಂದು ಕಿ.ಮೀ. ದೂರದಲ್ಲಿ ಸು ನುರಾಜಿ ನಿಂತಿದೆ. ನುರಾಗೆ ಎಂದರೆ ಕಂಚಿನ ಯುಗದ ಕಲ್ಲುಗೋಪುರ. ದ್ವೀಪದಲ್ಲಿ ಸುಮಾರು 7,000 ಇವೆ, ಜಗತ್ತಿನ ಬೇರೆಲ್ಲೂ ಇಲ್ಲ. ಗಾರೆ ಇಲ್ಲದೆ ಬಸಾಲ್ಟ್ ಬಂಡೆಗಳನ್ನು ಸುತ್ತುಸುತ್ತಾಗಿ ಪೇರಿಸುತ್ತ, ಪ್ರತಿ ವರಸೆಯನ್ನೂ ಕೆಳಗಿನದಕ್ಕಿಂತ ಚೂರು ಒಳಕ್ಕೆ ಚಾಚಿ, ತುದಿಯಲ್ಲಿ ಮುಚ್ಚಿದ್ದಾರೆ. ಭಾರವೇ ಇಲ್ಲಿ ಬಂಧ. ನಡುವಿನ ಗೋಪುರಕ್ಕೆ ಮೂಲದಲ್ಲಿ 18 ಮೀಟರಿಗೂ ಮಿಕ್ಕ ಎತ್ತರವಿತ್ತು. ಸುತ್ತ ನಾಲ್ಕು ಗೋಪುರಗಳನ್ನು ಸೇರಿಸಿದ್ದು ನಂತರ. ಒಳ ಅಂಗಳದಲ್ಲಿ ಆಳವಾದ ಬಾವಿಯಿದೆ. ಮಣ್ಣುಗುಡ್ಡ ಎಂದುಕೊಂಡಿದ್ದ ಈ ಜಾಗವನ್ನು 1950ರ ದಶಕದಲ್ಲಿ ಅಗೆದು ತೆಗೆದವರು ಅದೇ ಊರಿನ ಪುರಾತತ್ವಜ್ಞ ಜೋವಾನಿ ಲಿಲ್ಯು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಗೈಡ್ ಜೊತೆಗಷ್ಟೇ ಒಳಗೆ ಬಿಡುತ್ತಾರೆ. ಮೆಟ್ಟಿಲುಗಳು ಕಡಿದು, ಓಣಿಗಳು ಇಕ್ಕಟ್ಟು. ದೊಡ್ಡ ಬ್ಯಾಗು ಸಿಕ್ಕಿಹಾಕಿಕೊಳ್ಳುತ್ತದೆ, ಚಪ್ಪಲಿ ಜಾರುತ್ತದೆ. ಬೇಸಿಗೆಯಲ್ಲಿ ಕಪ್ಪು ಕಲ್ಲು ಕಾದ ಹೆಂಚಾಗುವುದರಿಂದ ಬೆಳಗಿನ ಮೊದಲ ತಂಡವೇ ಲೇಸು.

ಅಲ್ಲಿಂದ ಪಶ್ಚಿಮಕ್ಕೆ ಒರಿಸ್ತಾನೊ. ಕಾರಿಲ್ಲದವರು ಕಾಲ್ಯಾರಿಯಿಂದ ರೈಲಿನಲ್ಲಿ ಒಂದು ಗಂಟೆಯಲ್ಲಿ ತಲುಪಬಹುದು. ಸಿನಿಸ್ ಪರ್ಯಾಯ ದ್ವೀಪದ ತುದಿಯಲ್ಲಿ ತಾರೊಸ್ ಎಂಬ ಫಿನೀಷಿಯನ್ ಪಟ್ಟಣದ ಅವಶೇಷಗಳಿವೆ. ಸುಮಾರು 1070ರ ಹೊತ್ತಿಗೆ ಕಡಲ ದಾಳಿಗೆ ಬೇಸತ್ತ ಜನ ಊರನ್ನೇ ಬಿಟ್ಟು ಒರಿಸ್ತಾನೊಗೆ ಬಂದರು, ಕಟ್ಟಡದ ಕಲ್ಲನ್ನೂ ಬಿಡದೆ ತಂದರು. ‘ತಾರೊಸ್‌ನಿಂದ ಕಲ್ಲು ಗಾಡಿಗಟ್ಟಲೆ ಬರುತ್ತದೆ’ ಎಂಬ ಮಾತು ಇಂದಿಗೂ ಉಳಿದಿದೆ. ಎಲ್ಲರೂ ಫೋಟೊ ತೆಗೆಯುವ ಎರಡು ಕಂಬಗಳು ಇಪ್ಪತ್ತನೇ ಶತಮಾನದಲ್ಲಿ ಎತ್ತಿ ನಿಲ್ಲಿಸಿದವು. ಹಿಂದಿರುಗುವಾಗ ಕಾಬ್ರಾಸ್ ಮ್ಯೂಸಿಯಮ್ಮಿನಲ್ಲಿ ಮೊಂತೆ ಪ್ರಾಮಾದ ಎರಡು ಮೀಟರ್ ಎತ್ತರದ ಕಲ್ಲಿನ ಯೋಧರನ್ನು ನೋಡಲೇಬೇಕು. 1974ರಲ್ಲಿ ಹೊಲ ಉಳುವಾಗ ಸಿಕ್ಕ ಇವನ್ನು ಸಾವಿರಾರು ಚೂರುಗಳಿಂದ ಜೋಡಿಸಿದ್ದಾರೆ. ಹತ್ತಿರದ ಈಸ್ ಅರುತಾಸ್ ತೀರದ ಅಕ್ಕಿಕಾಳಿನಂಥ ಬೆಣಚು ಮರಳನ್ನು ಬಾಟಲಿಗೆ ತುಂಬಿಕೊಳ್ಳಬೇಡಿ. 500ರಿಂದ 3,000 ಯೂರೊ ದಂಡ.

ಒರಿಸ್ತಾನೊದ ಚೌಕದಲ್ಲಿ ಎಲೆಯೊನೋರಾಳ ಪ್ರತಿಮೆಯಿದೆ. ಹನ್ನೊಂದನೇ ಶತಮಾನದಿಂದ ದ್ವೀಪವನ್ನು ನಾಲ್ಕು ಸ್ಥಳೀಯ ರಾಜ್ಯಗಳು ಆಳಿದವು. ಅರಗಾನಿಗೆ ಕೊನೆಯವರೆಗೆ ಮಣಿಯದಿದ್ದದ್ದು ಅರ್ಬೊರೆಯಾ. ಅದರ ಆಡಳಿತ ನಡೆಸಿದ ಎಲೆಯೊನೋರಾ 1390ರ ದಶಕದಲ್ಲಿ ಸಾರ್ಡೀನಿಯನ್ ಭಾಷೆಯಲ್ಲೇ ಹೊರಡಿಸಿದ ‘ಕಾರ್ತಾ ದೆ ಲೋಗು’ ಎಂಬ ಕಾನೂನು ಸಂಹಿತೆ 1827ರವರೆಗೆ ಜಾರಿಯಲ್ಲಿತ್ತು. ಆಳುವವರು ಸ್ಪೇನ್, ಆಸ್ಟ್ರಿಯಾ, 1720ರಲ್ಲಿ ಸವಾಯ್ ರಾಜವಂಶ ಎಂದು ಬದಲಾದರೂ ಜನರ ಭಾಷೆಯ ಕಾನೂನು ನಿಂತಿತು. ದ್ವೀಪದ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ಸಂಗತಿ ಇನ್ನೊಂದಿಲ್ಲ.

ಅಲ್ಗೇರೊ ಇದಕ್ಕೆ ತದ್ವಿರುದ್ಧ. 1372ರಲ್ಲಿ ಅರಗಾನಿನ ದೊರೆ ಮೂಲ ನಿವಾಸಿಗಳನ್ನು ಹೊರಗಟ್ಟಿ ಸ್ಪೇನ್ ಕಡೆಯ ಕತಲಾನರನ್ನು ನೆಲೆಗೊಳಿಸಿದ. ಬೀದಿಯ ಫಲಕಗಳಲ್ಲಿ ಇಂದಿಗೂ ಕತಲಾನ್ ಭಾಷೆ ಇದೆ. ನೆಪ್ಚೂನ್ ಗುಹೆಗೆ 654 ಮೆಟ್ಟಿಲು ಇಳಿಯಬೇಕು, ಅಷ್ಟನ್ನೇ ಹತ್ತಿ ಬರಬೇಕು. ವಾಯವ್ಯದ ಮಾಯೆಸ್ತ್ರಾಲೆ ಗಾಳಿ ಬೀಸಿದರೆ ದೋಣಿಯೂ ಇಲ್ಲ, ಗುಹೆಯೂ ಮುಚ್ಚಿರುತ್ತದೆ; ಬೆಳಿಗ್ಗೆ ವಿಚಾರಿಸಿಯೇ ಹೊರಡಿ.

ಕೊನೆಯ ಎರಡು ದಿನ ಜೆನ್ನಾರ್ಜೆಂತು ಬೆಟ್ಟಗಳ ಬಾರ್ಬಾಜಾ ಸೀಮೆಗೆ. ಅತಿ ಎತ್ತರದ ಪುಂತಾ ಲಾ ಮಾರ್ಮೊರಾ 1,834 ಮೀಟರ್. ಒಗ್ಗದ ಜನರ ನಾಡೆಂದು ರೋಮನ್ನರು ‘ಬಾರ್ಬಾರಿಯಾ’ ಎಂದು ಕರೆದದ್ದೇ ಈ ಹೆಸರಾಗಿದೆ. ಕುರಿ ಕಾಯುವವರು ಬೆಟ್ಟಕ್ಕೆ ಹೊತ್ತೊಯ್ಯಲೆಂದೇ ಎರಡು ಸಲ ಸುಟ್ಟು ಗರಿಗರಿ ಮಾಡಿದ ‘ಕರಸಾವು’ ರೊಟ್ಟಿ ಇಲ್ಲಿಯದು. ಮಾಂಸ ತಿನ್ನದವರಿಗೆ ಅದು, ಕುರಿಹಾಲಿನ ಪೆಕೊರಿನೊ ಚೀಸ್, ಟೊಮೆಟೊ ಸಾಕು. ಪೆಕೊರಿನೊಗೆ ಹಾಲು ಹೆಪ್ಪುಗಟ್ಟಿಸಲು ಪ್ರಾಣಿಜನ್ಯ ರೆನೆಟ್ ಬಳಸುವುದುಂಟು, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಕೊಳ್ಳಬೇಕು. ಓರ್ಗೊಸೊಲೊ ಊರಿನ ಗೋಡೆಗಳ ತುಂಬ ಪ್ರತಿಭಟನೆಯ ಚಿತ್ರಗಳು. 1969ರಲ್ಲಿ ತಮ್ಮ ಮೇವಿನ ಮಾಳ ಪ್ರಾತೊಬೆಲ್ಲೊದಲ್ಲಿ ಸೇನೆಯ ಫೈರಿಂಗ್ ರೇಂಜ್ ಬರುವುದನ್ನು ಇಡೀ ಊರು ಬಂದು ಕೂತು ತಡೆಯಿತು. ಮುಖ್ಯ ಬೀದಿಯ ಮೇಲ್ತುದಿಯಿಂದ ಇಳಿಯುತ್ತ ನೋಡಿ, ಎರಡು ಗಂಟೆ ಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ನೀರು ಮೊದಲೇ ಕೊಂಡಿಟ್ಟುಕೊಳ್ಳಿ, ಹತ್ತಿರದ ಪಟ್ಟಣ ನುವೊರೊಗೆ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ತಕ್ಷಣ ಗುರುತು ಹಾಕಿಕೊಳ್ಳಿ.