ಹೊಳಪು ನೋಡಿ ಬೆಲೆ ಕಟ್ಟಿದ್ದೆ

ನಾನು ಅಮೆರಿಕದ ಒಂದು ಹರಾಜು ಸಂಸ್ಥೆಯಲ್ಲಿ ಹಳೇ ಕೋವಿಗಳ ಬಿಡಿಭಾಗಗಳಿಗೆ ಬೆಲೆ ಅಂದಾಜು ಮಾಡುತ್ತೇನೆ. ಇಡೀ ಕೋವಿ ಬಂದರೆ ಅದು ಬೇರೆಯವರ ಮೇಜಿಗೆ ಹೋಗುತ್ತದೆ. ಇಲ್ಲಿನ ಕಾನೂನಿನ ಲೆಕ್ಕದಲ್ಲಿ ರೈಫಲ್ಲಿನ ರಿಸೀವರ್, ಅಂದರೆ ಉಳಿದೆಲ್ಲ ಭಾಗಗಳನ್ನು ಹಿಡಿದಿಡುವ ನಡುವಿನ ಲೋಹದ ಚೌಕಟ್ಟು, ಅದೊಂದೇ ಕೋವಿ. ಸ್ಪ್ರಿಂಗು, ರಾಡು, ಗುರಿ ನೋಡುವ ಸೈಟು ಎಲ್ಲ ಹೆಚ್ಚು ಕಡಿಮೆ ಬರೀ ಕಬ್ಬಿಣದ ಸಾಮಾನು. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿದು ಬೆಳೆದ ನನಗೆ ಮೊದಮೊದಲು ಇದು ತಮಾಷೆ ಅನಿಸುತ್ತಿತ್ತು.

ಸೇರಿದ ಮೊದಲ ವರ್ಷವೇ ಒಂದು ಮನೆಯಿಂದ ರಟ್ಟಿನ ಪೆಟ್ಟಿಗೆ ಬಂತು. ಯಜಮಾನರು ತೀರಿಹೋಗಿದ್ದರು, ಮಗಳು ಕಳಿಸಿದ್ದರು. ಎಲ್ಲವೂ ಎಂ1 ಗ್ಯಾರಂಡ್ ರೈಫಲ್ಲಿನ ಭಾಗಗಳು. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ರೈಫಲ್ ಅದು. ಎರಡನೇ ಮಹಾಯುದ್ಧದಲ್ಲಿ ಅದನ್ನು ಮಾಡಿದ್ದು ಎರಡೇ ಕಡೆ, ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಮತ್ತು ವಿಂಚೆಸ್ಟರ್. ವಿಂಚೆಸ್ಟರ್ ಮಾಡಿದ್ದು ಕಡಿಮೆ, ಹಾಗಾಗಿ ಅದರ ಭಾಗಗಳಿಗೆ ಬೆಲೆ ಜಾಸ್ತಿ.

ಪೆಟ್ಟಿಗೆಯಲ್ಲಿ ಒಂದು ಆಪರೇಟಿಂಗ್ ರಾಡು, ಅಂದರೆ ಗುಂಡು ಹಾರಿದಾಗ ಹಿಂದೆ ಸರಿದು ರೈಫಲ್ಲಿನ ಬೋಲ್ಟ್ ತೆರೆಯುವ ಸಲಾಕೆ, ಫಳಫಳ ಅಂತಿತ್ತು. ಮೇಲೆ ‘ಡಿ35382 ಡಬ್ಲ್ಯು.ಆರ್.ಎ.’ ಅಂತ ಅಚ್ಚು. ಡಬ್ಲ್ಯು.ಆರ್.ಎ. ಅಂದರೆ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್. ವಿಂಚೆಸ್ಟರ್! ಅವತ್ತೇ ಮಗಳಿಗೆ ಫೋನ್ ಮಾಡಿ ಒಳ್ಳೆ ಬೆಲೆ ಹೇಳಿಬಿಟ್ಟೆ.

ಮರುದಿನ ನಮ್ಮ ಹಿರಿಯರೊಬ್ಬರು ರಾಡನ್ನು ಕೈಗೆತ್ತಿಕೊಂಡರು. ಅಚ್ಚಿನ ಕಡೆ ನೋಡಲೇ ಇಲ್ಲ. ಕೊಳವೆ ಬಂದು ಹಿಡಿಯ ಭಾಗಕ್ಕೆ ಸೇರುವ ಮೂಲೆಯಲ್ಲಿ ಹೆಬ್ಬೆರಳಿನ ಉಗುರು ಆಡಿಸಿದರು. ಉಗುರು ಅರ್ಧಚಂದ್ರದಂಥ ಒಂದು ತಗ್ಗಿಗೆ ಇಳಿಯಿತು. ಯುದ್ಧಕಾಲದ ರಾಡುಗಳಲ್ಲಿ ಆ ಮೂಲೆ ಚೌಕವಾಗಿತ್ತು, ಅಲ್ಲೇ ಬಿರುಕು ಬಿಡುತ್ತಿತ್ತು. ಅದಕ್ಕೇ ಯುದ್ಧ ಮುಗಿದ ಮೇಲೆ ರಿಪೇರಿಗೆ ಬಂದ ರೈಫಲ್‌ಗಳ ರಾಡಿನಲ್ಲಿ ಆ ಮೂಲೆಯನ್ನು ಕೊರೆದು ದುಂಡಗೆ ಮಾಡಿದರು. ಗುಂಡು ಹಾರಿಸುವವರಿಗೆ ಕೊರೆದದ್ದೇ ವಾಸಿ. ಸಂಗ್ರಹಕಾರರಿಗೆ ಕೊರೆಯದೇ ಉಳಿದದ್ದು ಬೇಕು! ಸಾಲದ್ದಕ್ಕೆ ಆ ಹೊಳಪೂ ಹೊಸದು. ಭೂತಗನ್ನಡಿ ಹಿಡಿದರೆ ಲೇಪದ ಕೆಳಗೆ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳು ಕಂಡವು.

ಗ್ಯಾರಂಡ್‌ನ ಬಿಡಿಭಾಗಗಳ ಮೇಲೆ ರೈಫಲ್ಲಿನ ಸಂಖ್ಯೆ ಇರುವುದಿಲ್ಲ. ಜರ್ಮನಿಯ ಲ್ಯೂಗರ್ ಪಿಸ್ತೂಲಿನಲ್ಲಾದರೆ ಪುಟ್ಟ ಭಾಗದ ಮೇಲೂ ಸಂಖ್ಯೆಯ ಕೊನೆ ಎರಡಂಕಿ ಇರುತ್ತದೆ, ಹೊಂದಿಸುವುದು ಸುಲಭ. ಇಲ್ಲಿ ಯಾವ ಭಾಗ ಯಾವ ಕಾಲದ್ದು ಅನ್ನುವುದನ್ನು ಡಿ35382ರಂಥ ಡ್ರಾಯಿಂಗ್ ನಂಬರ್ (ಭಾಗದ ನಕ್ಷೆಯ ಸಂಖ್ಯೆ) ಮತ್ತು ಆಕಾರದಿಂದಲೇ ಹಿಡಿಯಬೇಕು. ನಾನು ಅರ್ಧ ಓದಿ ಎದ್ದುಬಿಟ್ಟಿದ್ದೆ.

ಅದೇ ಪೆಟ್ಟಿಗೆಯ ತಳದಲ್ಲೊಂದು ತಂಬಾಕಿನ ಡಬ್ಬಿ ಇತ್ತು. ನಾನು ‘ಇತರೆ’ ಅಂತ ಬರೆದು ಪಕ್ಕಕ್ಕಿಟ್ಟದ್ದು. ಅದರಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹಿಂಬದಿ ಸೈಟಿನ ಪೂರ್ತಿ ಸೆಟ್ ಸಿಕ್ಕಿತು. ಸೈಟನ್ನು ಹೊಂದಿಸುವ ತಿರುಗುಗುಂಡಿಯ ಮೇಲೆ ಬಿಗಿಯುವ ಪುಟ್ಟ ಅಡ್ಡಪಟ್ಟಿ, ಅಂದರೆ ಲಾಕ್ ಬಾರ್ ಇರುವ ಮಾದರಿ. ಯುದ್ಧದ ನಂತರ ಸೇನೆಯವರು ಇವನ್ನು ಬಿಚ್ಚಿ ಹೊಸ ಮಾದರಿ ಹಾಕಿದರು. ಬಿಚ್ಚಿ ಎಸೆದದ್ದಕ್ಕೇ ಈಗ ಬೇಡಿಕೆ ಅಲ್ವಾ! ಇದರ ನಕಲೂ ಉಂಟು. ಆದರೆ ಹಲ್ಲುಗಳ ಸವೆತ, ಸಂದಿಯಲ್ಲಿ ಗಟ್ಟಿಯಾದ ಹಳೇ ಗ್ರೀಸು ಸುಳ್ಳು ಹೇಳುವಂತಿರಲಿಲ್ಲ.

ಮಗಳಿಗೆ ಮತ್ತೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ರಾಡಿನ ಬೆಲೆ ಇಳಿಸಿದೆ, ಡಬ್ಬಿಯದ್ದನ್ನು ಏರಿಸಿದೆ. ಮೊದಲು ಮೌನ. ಆಮೇಲೆ ಅವರು ನಕ್ಕರು. ಪೆಟ್ಟಿಗೆ ಕಳಿಸುವ ಮುಂಚೆ ಡಬ್ಬಿಯಲ್ಲಿದ್ದದ್ದನ್ನೆಲ್ಲ ಉಜ್ಜಿ ತೊಳೆಯಲೇ ಅಂತ ನಮ್ಮ ಆಫೀಸಿಗೆ ಕೇಳಿದ್ದರಂತೆ. ಬೇಡ ಅಂದದ್ದು ನಾನಲ್ಲ, ಫೋನ್ ಎತ್ತಿಕೊಂಡ ರಿಸೆಪ್ಷನ್‌ನ ಹುಡುಗಿ.