ಕ, ರ, ಳ ಇರುವ ಪದ ಹೇಳಿ ನೋಡೋಣ

ಕ, ರ, ಳ. ಮೂರೇ ವ್ಯಂಜನ. ಇದೇ ಸಾಲಿನಲ್ಲಿ ಬರಬೇಕು, ಮಧ್ಯೆ ಬೇರೆ ವ್ಯಂಜನ ನುಸುಳಬಾರದು, ಕಾಗುಣಿತ ಮಾತ್ರ ನಿಮ್ಮಿಷ್ಟ. ಕೊರಳು, ಕರುಳು, ಕೆರಳು. ಇಷ್ಟು ಯಾರಿಗಾದರೂ ತಟ್ಟನೆ ಹೊಳೆಯುತ್ತವೆ. ಸ್ವಲ್ಪ ಯೋಚಿಸಿದರೆ ಕರಾಳ ಸಿಗುತ್ತದೆ. ಹೆಸರುಗಳಿಗೂ ಅವಕಾಶ ಇದೆ ಅಂದರೆ ಕೇರಳ. ಹಳೇ ಪದ್ಯ ಓದಿದವರು ಪಕ್ಕದಲ್ಲಿದ್ದರೆ ಕುರುಳು ಅನ್ನುತ್ತಾರೆ, ಅದೇ, ಹಣೆ ಮೇಲೆ ಬೀಳುವ ಗುಂಗುರು ಕೂದಲು.

ಈಗ ಕ ತೆಗೆದು ಹ ಇಡಿ. ಹರಳು, ಹೆರಳು, ಹೊರಳು, ಹುರುಳು, ಹುರುಳಿ. ತ ಇಟ್ಟರೆ ತಿರುಳು, ತೆರಳು. ನ ಇಟ್ಟರೆ ನೆರಳು, ನರಳು. ಮ ಇಟ್ಟರೆ ಮರಳು, ಮರುಳು. ಸ ಇಟ್ಟರೆ ಸರಳ, ಸರಳು, ಸುರುಳಿ. ಬ ಮಾತ್ರ ಜಿಪುಣ, ನನಗೆ ಬೆರಳು ಒಂದೇ ಹೊಳೆದದ್ದು. ರ, ಳ ಹಿಂದೆ ಮುಂದೆ ನಿಂತರೆ ಸಾಕು, ಕನ್ನಡದಲ್ಲಿ ಪದಗಳು ಸಾಲುಸಾಲಾಗಿ ಬರುತ್ತವೆ.

ಚಿಂತಾಮಣಿಯಿಂದ ಅಕ್ಕ, ಭಾವ ಬಂದರೆ ತುಮಕೂರಿನ ನಮ್ಮ ಮನೆಯಲ್ಲಿ ಊಟ ಆದ ಮೇಲೆ ಇದೇ ಆಟ. ಅಕ್ಕನ ಮಗ ಇಂಗ್ಲಿಷಿನಲ್ಲಿ ಇಂಥ ಆಟ ಆಡಿ ಬೆಳೆದವನು. ಅಲ್ಲಿ ಇರೋದೇ 26 ಅಕ್ಷರ, ಏಳು ಅಕ್ಷರ ಟೈಪ್ ಮಾಡಿದರೆ ಅದರಲ್ಲಿ ಆಗುವ ಪದಗಳನ್ನೆಲ್ಲ ಪಟ್ಟಿ ಮಾಡಿ ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. 'ಮಾಮ, ಕನ್ನಡಕ್ಕೂ ಒಂದು ಮಾಡೋಣ' ಅಂತ ಲ್ಯಾಪ್‌ಟಾಪ್ ತೆಗೆದು ಕೂತ. ಮಾಡಬಹುದು, ಕಷ್ಟ ಏನಿಲ್ಲ. ಆದರೆ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು, ಅಕ್ಷರ ಅಂತ ಯಾವುದನ್ನು ಎಣಿಸೋದು?

ಪದಬಂಧ ತುಂಬಿಸುವವರನ್ನು ಕೇಳಿ, ತುಮಕೂರು ಅಂದರೆ 4 ಮನೆ. ಕಂಪ್ಯೂಟರ್ ಕೇಳಿದರೆ 7 ಅನ್ನುತ್ತದೆ. ಯಾಕಂದರೆ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಕೇತ ಪದ್ಧತಿಯಲ್ಲಿ, 'ತು' ಒಂದಲ್ಲ, ತ ಒಂದು, ಅದರ ಕೊಂಬು ಇನ್ನೊಂದು. ಚಿಕ್ಕಬಳ್ಳಾಪುರ ಪದಬಂಧದಲ್ಲಿ 6 ಮನೆ, ಕಂಪ್ಯೂಟರಿನಲ್ಲಿ 13, ಅಲ್ಲಿ ಒತ್ತಕ್ಷರಕ್ಕೆ ನಡುವೆ ಕೂರುವ ಹಲಂತಕ್ಕೂ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಒಂದು ಲೆಕ್ಕ. ಕೋಲಾರ ಇನ್ನೂ ಮಜಾ. ಅದರಲ್ಲಿನ 'ಕೋ' ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ಚೂರು ಮಾಡಿಯೂ ಇಡಬಹುದು, ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಅದೇ ಕೋಲಾರ ಒಂದು ಕಡೆ 5, ಇನ್ನೊಂದು ಕಡೆ 7. ಅದನ್ನು ಮೊದಲು ಒಂದೇ ರೂಪಕ್ಕೆ ತರದೆ ಹುಡುಕಿದರೆ, ಎದುರಿಗೇ ಇರುವ ಪದವನ್ನೂ ಕಂಪ್ಯೂಟರ್ ಇಲ್ಲ ಅನ್ನುತ್ತದೆ.

ಹುಡುಗ ಮೊದಲು ಪದಬಂಧದ ಲೆಕ್ಕವೇ ಸರಿ ಅಂದ. ಪೂರ್ತಿ ಅಕ್ಷರ ಕೊಡೋದು, ಅಂದರೆ 'ಕೊ', 'ರ', 'ಳು'. ಹಾಗೆ ಕೊಟ್ಟರೆ ಸಿಗೋದೇನು, ಕೊರಳು. ಮುಗೀತು. ಆಟವೇ ಇಲ್ಲ. ಒಂದೊಂದು ವ್ಯಂಜನಕ್ಕೂ ಅಷ್ಟೊಂದು ಗುಣಿತ, ಮೇಲೆ ಒತ್ತುಗಳು, ಅಷ್ಟರಲ್ಲಿ ಪೂರ್ತಿ ಅಕ್ಷರವನ್ನೇ ಕಟ್ಟಿಹಾಕಿದರೆ ಹುಡುಕಲು ಜಾಗ ಎಲ್ಲಿ? ನನ್ನ ಪ್ರಕಾರ ವ್ಯಂಜನ ಹಿಡಿಯಬೇಕು, ಗುಣಿತ ಬಿಡಬೇಕು. ಇದು ನಾನು ಕಂಡುಹಿಡಿದದ್ದೂ ಅಲ್ಲ. ನಮ್ಮ ಹಳೇ ಕವಿಗಳ ಪ್ರಾಸ ನೋಡಿ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಮೇಲಿನ ಸ್ವರ ಏನಾದರೂ ಆಗಬಹುದು. ಒಂದು ಸಾಲು 'ಕರುಳು' ಅಂತ ಶುರುವಾದರೆ ಮುಂದಿನದು 'ಸಿರಿ' ಅಂತ ಶುರುವಾಗಬಹುದು. ನೂರಾರು ಪದ್ಯಕ್ಕೆ ಹೀಗೆ ಪದ ಹೊಂದಿಸಿದವರ ತಲೆಯಲ್ಲಿ ಎಂಥಾ ಪಟ್ಟಿ ಇದ್ದಿರಬೇಕು ಅಲ್ವಾ!

ಪ್ರೋಗ್ರಾಂ ಬರೆಯೋದಕ್ಕೂ ಇದೇ ಸುಲಭ. ಪ್ರತಿ ಪದದಿಂದ ಗುಣಿತದ ಚಿಹ್ನೆ, ಹಲಂತ, ಸೊನ್ನೆ ಎಲ್ಲ ಕಿತ್ತು ಬರೀ ಮೂಳೆ ಉಳಿಸಿ. ಕೊರಳು, ಕರುಳು, ಕುರುಳು ಎಲ್ಲವೂ 'ಕರಳ' ಆಗುತ್ತವೆ. ಆಮೇಲೆ ಮೂಳೆಗೆ ಮೂಳೆ ಹೋಲಿಸಿದರೆ ಆಯಿತು. ಕೋಲಾರದ ತಕರಾರೂ ಇಲ್ಲಿ ತಾನಾಗೇ ಬಿಟ್ಟುಹೋಗುತ್ತದೆ. ಬೋನಸ್ ಅಂದರೆ ಅರ್ಕಾವೊತ್ತು. ಕಾರ್ಕಳ ಅಂತ ಓದುವಾಗ ನಮ್ಮ ಕಣ್ಣು ಆ ರ ಅನ್ನು ಹಾರಿಸಿಬಿಡುತ್ತದೆ, ಅದು ಬಾಲದ ಹಾಗೆ ಪಕ್ಕಕ್ಕೆ ಸರಿದಿರುತ್ತದೆ. ಕಂಪ್ಯೂಟರಿನೊಳಗೆ ಮಾತ್ರ ಅದು ಉಚ್ಚಾರಣೆಯ ಕ್ರಮದಲ್ಲೇ, ಕ ಗಿಂತ ಮೊದಲೇ ಕೂತಿರುತ್ತದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಮಾತ್ರ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಅವುಗಳಲ್ಲಿ ಇರೋದು ಅಕ್ಷರ ಅಲ್ಲ, ಅಕ್ಷರದ ಆಕಾರದ ಚೂರುಗಳು.

ಪದಗಳ ಪಟ್ಟಿ ಎಲ್ಲಿಂದ? ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಇದೆ, 1.5 ಲಕ್ಷದಷ್ಟು ಪದ. 2019ರಲ್ಲಿ ಅದನ್ನು ಎಲ್ಲರೂ ಬಳಸಲಿ ಅಂತ ಮುಕ್ತವಾಗಿ ಬಿಟ್ಟರು. ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಶುರು ಬೇಕಿಲ್ಲ. ನಿಘಂಟಿನಲ್ಲಿ ಮೂಲ ಪದ ಮಾತ್ರ ಇರುತ್ತದೆ, ಕೆರಳು ಇರುತ್ತದೆ, ಕೆರಳಿದಳು ಇರೋದಿಲ್ಲ. ಆಟಕ್ಕೆ ಅದೇ ಒಳ್ಳೇದು. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮ ಅಕ್ಕನ ಜೊತೆ ಆಡಬೇಕು.

ಎರಡನೇ ಆಟದಲ್ಲಿ ಸಾಲಿನ ಕಟ್ಟು ಇಲ್ಲ. ಪದದಲ್ಲಿ ಎಲ್ಲಾದರೂ ಕ, ರ, ಳ ಮೂರೂ ಇದ್ದರೆ ಸಾಕು, ಬೇರೆ ಅಕ್ಷರ ಎಷ್ಟಾದರೂ ಇರಲಿ. ಅಕ್ಕ ಶುರು ಮಾಡಿದಳು ನೋಡಿ, ಕಾರುಗಳು, ಕೆರೆಗಳು, ಕುದುರೆಗಳು, ಕುರಿಗಳು. 'ಗಳು' ಒಂದು ಅಂಟಿಸಿದರೆ ಳ ಪುಕ್ಕಟೆ! ಅವತ್ತೇ ಬಹುವಚನ ನಿಷೇಧ ಆಯಿತು. ವಿಭಕ್ತಿನೂ ಬೇಡ ಅಂದೆವು, ಇಲ್ಲದಿದ್ದರೆ ಕೊರಳಿಗೆ, ಕರುಳಿಗೆ ಅಂತ ರಾತ್ರಿ ಇಡೀ ನಡೆಯುತ್ತದೆ.

ಆಮೇಲೆ ಊರುಗಳ ಸರದಿ. ನಮ್ಮ ಜಿಲ್ಲೆಯ 10 ತಾಲ್ಲೂಕು ನಾನು ಒಂದೊಂದಾಗಿ ನೋಡಿದೆ. ತುಮಕೂರು, ತುರುವೇಕೆರೆ, ಕೊರಟಗೆರೆ ಮೂರರಲ್ಲೂ ಕ, ರ ಇವೆ, ಳ ಇಲ್ಲ. ಚಿಕ್ಕನಾಯಕನಹಳ್ಳಿಯಂಥ ಉದ್ದನೆಯ ಹೆಸರಿನಲ್ಲಿ ಕ ಇದೆ, ಳ ಇದೆ, ರ ಒಂದೇ ಇಲ್ಲ. ಎಂಥಾ ಅನ್ಯಾಯ. ಕೋಲಾರದಲ್ಲಿ ಇರೋದು ಲ. ಭಾವ ನಿಧಾನಕ್ಕೆ 'ಚಿಕ್ಕಬಳ್ಳಾಪುರ' ಅಂದರು. ಮೂರೂ ಇವೆ! ಅವರ ಜಿಲ್ಲೆ ಗೆದ್ದಿತು, ಮುಖದ ಮೇಲಿನ ನಗು ನೋಡಬೇಕಿತ್ತು.

ನಿಜವಾದ ಸುಗ್ಗಿ ಇದ್ದದ್ದು ಅಡುಗೆಮನೆಯಲ್ಲಿ. ಅವರೆಕಾಳು, ಹೆಸರುಕಾಳು, ಹುರುಳಿಕಾಳು, ಹುರುಳಿಕಾಯಿ. ಕಾಳು ಅಂದ ತಕ್ಷಣ ಕ, ಳ ಎರಡೂ ಬಂದಾಯಿತು, ಮುಂದೆ ಒಂದು ರ ಸೇರಿಸಿದರೆ ಮುಗೀತು. ಅಮ್ಮ ಕೂತಲ್ಲಿಂದಲೇ ಅರಳೀಕಟ್ಟೆ ಅಂದು ಎಲ್ಲರಿಗಿಂತ ಚೆನ್ನಾಗಿರೋದನ್ನು ಕೊಟ್ಟರು. ಅಲ್ಲಿಗೇ ನಿಲ್ಲಬೇಕಿತ್ತು. ಭಾವ ಸುಮ್ನೆ ಇರದೆ ಕೋಳಿಸಾರು ಅಂದರು. ಹುಡುಗ ಲ್ಯಾಪ್‌ಟಾಪ್ ತೋರಿಸಿ ಪಟ್ಟಿಯಲ್ಲಿ ಇಲ್ಲ, ಕೋಳಿ ಬೇರೆ ಸಾರು ಬೇರೆ ಅಂತ ಹಠ ಹಿಡಿದ. ಅವರೆಕಾಳನ್ನು ಒಂದೇ ಪದ ಅಂತ ಒಪ್ಪಿಕೊಂಡವರು ಕೋಳಿಸಾರಿಗೆ ಬೇಡ ಅನ್ನೋದು ಹೇಗೆ? ನಾನು ಭಾವನ ಕಡೆ ವೋಟು ಹಾಕಿದೆ.