ಟೆಕ್ಸಸ್‌ನ ಹಂದಿ, ಹಗುರ ಕೋವಿ

ಟೆಕ್ಸಸ್‌ನಲ್ಲಿ ಹಂದಿ ಹೊಡೆಯಲು ಋತುವಿನ ಕಟ್ಟಳೆ ಇಲ್ಲ, ಇಂತಿಷ್ಟೇ ಎಂಬ ಲೆಕ್ಕವಿಲ್ಲ, ಖಾಸಗಿ ಜಮೀನಿನಲ್ಲಿ ರಾತ್ರಿಯೂ ಹೊಡೆಯಬಹುದು. 2019ರ ಸೆಪ್ಟೆಂಬರ್ 1ರಿಂದ, ಜಮೀನಿನ ಮಾಲೀಕರ ಒಪ್ಪಿಗೆ ಇದ್ದರೆ ಬೇಟೆಯ ಲೈಸೆನ್ಸೂ ಬೇಡ. ಕಾಡುಹಂದಿ ಎಂದರೆ 1972ರ ವನ್ಯಜೀವಿ ಕಾಯ್ದೆ ನೆನಪಾಗುವ ನಮ್ಮವರಿಗೆ ಇದು ನಂಬಲಾಗದ ಮಾತು. ಆದರೆ ಇಲ್ಲಿಯ ಹಂದಿ ಈ ನೆಲದ ಪ್ರಾಣಿಯೇ ಅಲ್ಲ. 16ನೇ ಶತಮಾನದಲ್ಲಿ ಸ್ಪೇನಿನವರು ತಂದ ಸಾಕುಹಂದಿಗಳು ಕಾಡುಪಾಲಾದವು. 1930ರ ದಶಕದಲ್ಲಿ ಶಿಕಾರಿಗೆಂದೇ ಬಿಟ್ಟ ಯುರೋಪಿನ ಕಾಡುಹಂದಿಗಳು ಅವುಗಳ ಜೊತೆ ಬೆರೆತವು. ಎಂಟು ತಿಂಗಳಿಗೆಲ್ಲ ಬೆದೆಗೆ ಬರುವ, 115 ದಿನಕ್ಕೆ ಈಯುವ, ವರ್ಷಕ್ಕೆ ಎರಡು ಸೂಲೂ ಸಾಧ್ಯವಿರುವ ಪ್ರಾಣಿ ಇದು. ಮೆಕ್ಕೆಜೋಳ ಬಿತ್ತಿದ ರಾತ್ರಿಯೇ ಸಾಲು ಹಿಡಿದು ಒಂದೊಂದೇ ಬೀಜ ಅಗೆದು ತಿಂದು ಮುಗಿಸುತ್ತದೆ. ರೈತರು ಬೇಟೆಗಾರರನ್ನು ಕರೆದು ಗೇಟು ತೆಗೆಯುವುದು ಅದಕ್ಕೇ.

ಲೈಸೆನ್ಸ್ ಬೇಡ ಎಂಬ ಈ ಮಾತೇ ವೀಸಾದ ಮೇಲೆ ಬಂದವರಿಗೆ ಅಪಾಯಕಾರಿ. ಅದು ರಾಜ್ಯದ ಕಾನೂನು. ಕೋವಿ ಮುಟ್ಟುವ ವಿಷಯದಲ್ಲಿ ಅದರ ಮೇಲೆ ಫೆಡರಲ್ ಕಾನೂನಿದೆ. ಎಚ್-1ಬಿ, ಎಚ್-4, ಎಫ್-1ನಂಥ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೈಯಲ್ಲಿ ಹಿಡಿಯುವುದೇ ಅಪರಾಧ. ಸ್ನೇಹಿತನ ರೈಫಲ್ಲನ್ನು ಐದು ನಿಮಿಷ ಎರವಲು ಪಡೆದರೂ ಅದು ಹಿಡಿದಂತೆಯೇ. ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಇದಕ್ಕಿರುವ ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಹಾಗಾಗಿ ಹಂದಿಗೆ ಬೇಡವಾದರೂ ನಿಮ್ಮ ವೀಸಾಕ್ಕೆ ಅದು ಬೇಕು. ಟೆಕ್ಸಸ್‌ನಲ್ಲಿ ಆರು ತಿಂಗಳು ನೆಲೆಸಿದವರಿಗೆ ಸಾಮಾನ್ಯ ಲೈಸೆನ್ಸ್ 25 ಡಾಲರ್. ವರ್ಷ ಮುಗಿಯುವುದು ಆಗಸ್ಟ್ 31ಕ್ಕೆ. ಸೆಪ್ಟೆಂಬರ್ ಮೊದಲ ವಾರಾಂತ್ಯಕ್ಕೆ ಹಳೆಯದನ್ನೇ ಜೇಬಿನಲ್ಲಿಟ್ಟು ಹೊರಡುವ ತಪ್ಪು ಆಗುವುದು ಇಲ್ಲೇ. ಗಂಡನ ಲೈಸೆನ್ಸ್ ಹೆಂಡತಿಗೆ ನಡೆಯದು, ಇಬ್ಬರಿಗೂ ಬೇರೆಬೇರೆ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರು ಲೈಸೆನ್ಸ್ ಮೇಲೆ ಬೇಟೆಯಾಡಲು ಸುರಕ್ಷತಾ ತರಬೇತಿಯನ್ನೂ ಮುಗಿಸಿರಬೇಕು.

ಇನ್ನೊಂದು ಗುರುತು: ಬೇಲಿಗೂಟ ಅಥವಾ ಮರದ ಮೇಲೆ ಉದ್ದಕ್ಕೆ ಬಳಿದ ನೇರಳೆ ಬಣ್ಣದ ಪಟ್ಟೆ ಕಂಡರೆ ಅದು ‘ಒಳಗೆ ಬರಬೇಡ’ ಎಂಬ ಬೋರ್ಡಿಗೆ ಸಮ. ಗಾಯಗೊಂಡ ಹಂದಿ ಪಕ್ಕದ ಜಮೀನಿಗೆ ನುಗ್ಗಿದರೂ ಆ ಮಾಲೀಕರನ್ನು ಕೇಳದೆ ಹಿಂದೆ ಹೋಗುವಂತಿಲ್ಲ.

ಕೋವಿಯ ಮಾತಿಗೆ ಬರೋಣ. ಸಣ್ಣ ಕ್ಯಾಲಿಬರ್, ಅಂದರೆ ಸಣ್ಣ ಗುಂಡಿನ ಕೋವಿ, ಅಂದಾಗ ಜನ ಎರಡು ಬೇರೆ ವಸ್ತುಗಳನ್ನು ಒಂದೇ ಎಂದುಕೊಳ್ಳುತ್ತಾರೆ. .22 ಲಾಂಗ್ ರೈಫಲ್ ಮತ್ತು .223 ರೆಮಿಂಗ್ಟನ್ ಎಂಬ ಎರಡು ತೋಟಾಗಳ ಗುಂಡಿನ ದಪ್ಪವೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಕಳಿಸುತ್ತದೆ, ಶಕ್ತಿ 130 ಅಡಿ-ಪೌಂಡ್ ಆಸುಪಾಸು. ಎರಡನೆಯದು 55 ಗ್ರೇನನ್ನು 3,240 ಅಡಿಯಲ್ಲಿ ಕಳಿಸುತ್ತದೆ, ಶಕ್ತಿ 1,280. ಹತ್ತು ಪಟ್ಟು ವ್ಯತ್ಯಾಸ. ಹಂದಿಗೆ ಇಂಥದ್ದೇ ಕ್ಯಾಲಿಬರ್ ಇರಬೇಕೆಂದು ಟೆಕ್ಸಸ್ ಕಾನೂನು ಹೇಳುವುದಿಲ್ಲ, ಆದರೂ .22 ಲಾಂಗ್ ರೈಫಲ್‌ನ ಜಾಗ ಬೋನಿನ ಪಕ್ಕ. ಬೋನಿಗೆ ಬಿದ್ದ ಹಂದಿಯ ಮಿದುಳಿಗೆ ಒಂದೆರಡು ಅಡಿ ದೂರದಿಂದ ಹೊಡೆಯಲು ಅದು ಸಾಕು. ಬಯಲಿನಲ್ಲಿ 40 ಗಜದಾಚೆ ನಿಂತ ಹಂದಿಗೆ ಅದರಿಂದ ಹೊಡೆಯುವುದು ಪ್ರಾಣಿಗೆ ಮಾಡುವ ಅನ್ಯಾಯ. ಗಾಯವಾಗಿ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ.

ದೊಡ್ಡ ತೋಟಾ .308ರ ಶಕ್ತಿ 2,600 ಅಡಿ-ಪೌಂಡ್ ಇರುವಾಗ ಅರ್ಧದಷ್ಟರ .223 ಏಕೆ? ಒದೆತ ಕಡಿಮೆ. ಗುಂಡು ಹೋದ ಮೇಲೂ ಹಂದಿ ಸ್ಕೋಪಿನೊಳಗೇ ಇರುತ್ತದೆ. ಈಡು ಎಲ್ಲಿ ತಗುಲಿತು ಎಂದು ಕಣ್ಣಾರೆ ಕಂಡು, ಎರಡನೆಯದನ್ನು ಒಂದು ಸೆಕೆಂಡಿನೊಳಗೆ ಕೊಡಬಹುದು. ಹಿಂಡು ಚದುರುವಾಗ ಇದರ ಬೆಲೆ ಗೊತ್ತಾಗುತ್ತದೆ. ಹೊಸಬರು ದೊಡ್ಡ ಕೋವಿಯ ಒದೆತಕ್ಕೆ ಹೆದರಿ ಟ್ರಿಗರ್ ಜಗ್ಗುತ್ತಾರೆ, .223ರಲ್ಲಿ ಆ ಅಳುಕು ಬರುವುದಿಲ್ಲ. ಆದರೆ ಗುಂಡಿನ ಆಯ್ಕೆಯಲ್ಲಿ ತಪ್ಪಿದರೆ ಈ ಅನುಕೂಲವೆಲ್ಲ ವ್ಯರ್ಥ.

ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ಗಟ್ಟಿ ನಾರಿನ ಪದರ ಇರುತ್ತದೆ, ಇಲ್ಲಿಯವರು ಅದನ್ನು ಗುರಾಣಿ ಎಂದೇ ಕರೆಯುತ್ತಾರೆ. ಒಂದರಿಂದ ಎರಡು ಇಂಚು ದಪ್ಪ, ಮೇಲೆ ಒಣಗಿದ ಕೆಸರು. ಕಾಡುನಾಯಿ, ಅಳಿಲುಗಳಿಗೆಂದು ಮಾಡಿದ ತೆಳು ಹೊದಿಕೆಯ ಗುಂಡು ಆ ಪದರದಲ್ಲೇ ಸಿಡಿದು ಪುಡಿಯಾಗುತ್ತದೆ. ಹೊರಗೆ ಅಂಗೈಯಗಲ ಗಾಯ, ಒಳಗೆ ಏನೂ ಇಲ್ಲ. ಪೂರ್ತಿ ಲೋಹ ಹೊದಿಸಿದ ಸೈನಿಕ ಮಾದರಿಯ ಅಗ್ಗದ ಗುಂಡು ಅರಳದೆ ಸೂಜಿಯಂತೆ ತೂರಿಹೋಗಬಹುದು. ಬೇಕಾದದ್ದು ಅರಳಿಯೂ ಒಡೆಯದ ಗುಂಡು: ಸೀಸವನ್ನು ಹೊದಿಕೆಗೆ ಬೆಸೆದ 62 ಗ್ರೇನಿನ ಮೃದುಮೂತಿಯದು, ಅಥವಾ ಅಪ್ಪಟ ತಾಮ್ರದ 55ರಿಂದ 62 ಗ್ರೇನಿನದು. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡಿಗೆ ಹೆಚ್ಚು ತಿರುಗು ಬೇಕು. ನಳಿಗೆಯ ಮೇಲೆ 1:7 (ಏಳು ಇಂಚಿಗೆ ಒಂದು ಸುತ್ತು), 1:8 ಅಥವಾ 1:9 ಎಂದು ಕೆತ್ತಿದ್ದರೆ ಸರಿ. 1:12ರ ಹಳೆಯ ನಳಿಗೆಯಲ್ಲಿ ಇಂಥ ಗುಂಡು ಅಡ್ಡಾದಿಡ್ಡಿ ಹೋಗಿ ಗುರಿಹಲಗೆಯಲ್ಲಿ ಬೀಗದ ಕಂಡಿಯ ಆಕಾರದ ತೂತು ಬೀಳುತ್ತದೆ. ಇನ್ನೊಂದು ವಿಷಯ, ಪೆಟ್ಟಿಗೆಯ ಮೇಲೆ ಬರೆದ ವೇಗ 24 ಇಂಚಿನ ನಳಿಗೆಯದು. 16 ಇಂಚಿನ ನಳಿಗೆಯ ಎಆರ್ ಎಂಬ ಅರೆ-ಸ್ವಯಂಚಾಲಿತ ರೈಫಲ್‌ನಲ್ಲಿ ಅಷ್ಟು ಸಿಗದು. .223ಗೆ 100 ಗಜ ನೆಮ್ಮದಿಯ ದೂರ, 150 ಗಡಿ. ದೊಡ್ಡ ಒಂಟಿ ಗಂಡುಗಳೇ ಗುರಿಯಾದರೆ .243 ತೆಗೆದುಕೊಳ್ಳಿ, ಒದೆತ ಸ್ವಲ್ಪ ಹೆಚ್ಚು, ಶಕ್ತಿ 1,900ರ ಮೇಲೆ.

ಎಲ್ಲಿ ಹೊಡೆಯಬೇಕು ಎಂಬಲ್ಲಿ ಜಿಂಕೆ ಹೊಡೆದು ಕಲಿತವರು ಎಡವುತ್ತಾರೆ. ಜಿಂಕೆಗೆ ಭುಜದ ಹಿಂದೆ ಹೊಡೆಯುವುದು ರೂಢಿ. ಹಂದಿಯ ಹೃದಯ, ಶ್ವಾಸಕೋಶ ಅದಕ್ಕಿಂತ ಮುಂದೆ ಮತ್ತು ಕೆಳಗೆ, ಮುಂಗಾಲುಗಳ ನಡುವೆ ಇವೆ. ಭುಜದ ಹಿಂದಿನ ಈಡು ಹೊಟ್ಟೆ ಸೇರುತ್ತದೆ. ಪಕ್ಕಕ್ಕೆ ನಿಂತ ಹಂದಿಯ ಮುಂಗಾಲಿನ ಮಧ್ಯದ ಗೆರೆ ಹಿಡಿದು ಮೇಲೆ ಬನ್ನಿ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಬೆನ್ನ ಮೇಲಿನ ಕೂದಲು ನಿಮಿರಿ ಹಂದಿಯನ್ನು ಎತ್ತರವಾಗಿ ತೋರಿಸುತ್ತದೆ, ಅದನ್ನು ನಂಬಿದರೆ ಈಡು ಮೇಲಾಗುತ್ತದೆ. .223ಗೆ ಇನ್ನೂ ಒಳ್ಳೆಯ ಜಾಗ ಕಿವಿಯ ಬುಡ. ಅಲ್ಲಿ ಗುರಾಣಿ ಇಲ್ಲ. ಗುಂಡು ಮಿದುಳಿಗೋ ಕತ್ತಿನ ಮೂಳೆಗೋ ತಗುಲಿ ಹಂದಿ ನಿಂತಲ್ಲೇ ಕುಸಿಯುತ್ತದೆ. ಆದರೆ ಗುರಿ ಸಣ್ಣದು, ತಿನ್ನುವ ಹಂದಿ ತಲೆ ಆಡಿಸುತ್ತಲೇ ಇರುತ್ತದೆ. ತಲೆಯೆತ್ತಿ ಆಲಿಸುವ ಆ ಒಂದೆರಡು ಸೆಕೆಂಡಿಗೆ ಕಾಯುವ ತಾಳ್ಮೆ ಇಲ್ಲದಿದ್ದರೆ ಎದೆಗೇ ಹೊಡೆಯಿರಿ. ಎದುರಿನಿಂದ ಹಣೆಗೆ ಬೇಡ, ಇಳಿಜಾರಿನ ಆ ಮೂಳೆ ಗುಂಡನ್ನು ಜಾರಿಸಿಬಿಡಬಹುದು.

ಕಿವಿಯ ಬುಡಕ್ಕೆ ಹೊಡೆಯುವವರು ಸ್ಕೋಪಿನ ಎತ್ತರವನ್ನು ಮರೆಯಬಾರದು. ಎಆರ್ ಮಾದರಿಯಲ್ಲಿ ಸ್ಕೋಪ್ ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲಿರುತ್ತದೆ. 50 ಗಜಕ್ಕೆ ಹೊಂದಿಸಿದ ಕೋವಿ 15 ಗಜದಲ್ಲಿ ಒಂದೂಮುಕ್ಕಾಲು ಇಂಚು ಕೆಳಗೆ ಹೊಡೆಯುತ್ತದೆ. ಹತ್ತಿರದ ಹಂದಿ ಸುಲಭ ಅಂದುಕೊಂಡು ದವಡೆ ಮುರಿದು ಕಳಿಸುವುದು ಹೀಗೆ. ಅದಕ್ಕಿಂತ ಕ್ರೂರವಾದ ಗಾಯ ಇಲ್ಲ.

ಹಂದಿಗೆ ಕಣ್ಣು ಮಂದ, ಮೂಗು ಅಸಾಧ್ಯ ಚುರುಕು. ಗಾಳಿ ನಿಮ್ಮ ಬೆನ್ನಿಗಿದ್ದರೆ ಮನೆಗೆ ಹೋಗಿ. ರಾತ್ರಿ ಥರ್ಮಲ್ ಸ್ಕೋಪಿನಲ್ಲಿ ಕಾಣುವುದು ಬರೀ ಬಿಸಿಯ ಆಕಾರ. ದನದ ಕರು, ನಾಯಿ, ಹಂದಿ ದೂರದಿಂದ ಒಂದೇ ಥರ. ದಕ್ಷಿಣ ಮತ್ತು ಪಶ್ಚಿಮ ಟೆಕ್ಸಸ್‌ನಲ್ಲಿ ಹವಲೀನ ಎಂಬ ಹಂದಿಯಂಥದೇ ಪ್ರಾಣಿಯಿದೆ, ಅದಕ್ಕೆ ಲೈಸೆನ್ಸೂ ಬೇಕು, ಮಿತಿಯೂ ಇದೆ. ಹಗಲಲ್ಲಿ ಕುತ್ತಿಗೆಯ ಬಿಳಿ ಪಟ್ಟಿಯಿಂದ ಗುರುತು ಹತ್ತುತ್ತದೆ, ಥರ್ಮಲ್‌ನಲ್ಲಿ ಅದು ಕಾಣದು. ಬಾಲ ನೋಡಿ: ಅಲ್ಲಾಡುವ ಬಾಲವಿದ್ದರೆ ಹಂದಿ. ತಂತಿಬೇಲಿಯೂ ಹುಲ್ಲಿನ ಕಡ್ಡಿಗಳೂ ಥರ್ಮಲ್‌ಗೆ ಸರಿಯಾಗಿ ಕಾಣುವುದಿಲ್ಲ, ಹಗುರ ಗುಂಡು ಅವಕ್ಕೆ ತಗುಲಿ ದಾರಿ ತಪ್ಪುತ್ತದೆ. ಹಂದಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಹೊಡೆಯಲೇಬಾರದು.

ಗುಂಡು ಬಿದ್ದ ಮೇಲೆ ರಕ್ತದ ಜಾಡು ಸಿಗಲಿಲ್ಲವೆಂದು ತಪ್ಪಿತು ಅಂದುಕೊಳ್ಳಬೇಡಿ. ಸಣ್ಣ ತೂತನ್ನು ಕೊಬ್ಬು ಮುಚ್ಚಿಬಿಡುತ್ತದೆ, ಎಷ್ಟೋ ಸಲ ಗುಂಡು ಆಚೆ ಬರುವುದೇ ಇಲ್ಲ. ಹಂದಿ ನಿಂತ ಜಾಗ, ಓಡಿದ ದಿಕ್ಕು ಗುರುತಿಟ್ಟು, ಅರ್ಧ ಗಂಟೆ ಬಿಟ್ಟು ಇಬ್ಬರಾಗಿ ಹುಡುಕಿ. ಬಿದ್ದ ಹಂದಿಯ ಬಳಿಗೆ ಬೆನ್ನಿನ ಕಡೆಯಿಂದ ಹೋಗಿ ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಮಿಟುಕಿದರೆ ಇನ್ನೊಂದು ಈಡು.

ಸೀಳುವಾಗ ರಬ್ಬರ್ ಕೈಗವಸು ಕಡ್ಡಾಯ, ಕಣ್ಣಿಗೂ ಕನ್ನಡಕ ಇರಲಿ. ಹಂದಿಯ ಬ್ರುಸೆಲ್ಲೋಸಿಸ್ ಎಂಬ ಸೋಂಕು ರಕ್ತದ ಮೂಲಕ ಮನುಷ್ಯರಿಗೆ ಅಂಟುತ್ತದೆ. ಕೊಬ್ಬು ನೀಲಿಯಾಗಿ ಕಂಡರೆ ಅದು ವಿಷದ ಮೇವು ತಿಂದ ಹಂದಿ, ತಿನ್ನಬಾರದು. ಇಲ್ಲಿಯ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ, ಕರುಳು ತೆಗೆದು ಕೂಡಲೇ ಐಸಿಗೆ ಹಾಕಿ. ರುಚಿಗೆ 30ರಿಂದ 50 ಕೆಜಿಯ ಹೆಣ್ಣೇ ಸೈ, ಬಲಿತ ಗಂಡಿನ ಮಾಂಸ ನಾರುತ್ತದೆ. ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿ; ಫ್ರೀಜರಿನಲ್ಲಿಟ್ಟರೆ ಹುಳು ಸಾಯುತ್ತದೆ ಎಂಬುದು ಕಾಡಿನ ಮಾಂಸಕ್ಕೆ ಪೂರ್ತಿ ನಿಜವಲ್ಲ. ಹಸಿ ಮಾಂಸವನ್ನಾಗಲಿ ಕರುಳನ್ನಾಗಲಿ ನಾಯಿಗೆ ಹಾಕಬೇಡಿ: ಹಂದಿಯಿಂದ ಹರಡುವ ಸ್ಯೂಡೋರೇಬಿಸ್ ಸಾಮಾನ್ಯವಾಗಿ ಮನುಷ್ಯರಿಗೆ ಅಂಟುವ ರೋಗವಲ್ಲ, ಆದರೆ ತಗುಲಿದ ನಾಯಿ ಉಳಿಯುವುದಿಲ್ಲ.